ಮಣಿಕಟ್ಟಿನ ಮೇಲೆ ‘ಕೃಪೆ’: ಒಂದು ಹಚ್ಚೆ ಸೇವೆಯ ವಿಮರ್ಶೆ, 14 ತಿಂಗಳ ನಂತರ

ನನ್ನ ಬಲಗೈ ಮಣಿಕಟ್ಟಿನ ಒಳಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಒಂದು ಶಿಲುಬೆಯೂ ಅದರ ಕೆಳಗೆ ‘ಕೃಪೆ’ ಎಂಬ ಪದವೂ ಇವೆ. ಅವನ್ನು ಹಾಕಿಸಿಕೊಂಡು ಈಗ 14 ತಿಂಗಳಾಯಿತು. ಹಚ್ಚೆಯ ವಿಮರ್ಶೆಯನ್ನು ಜನ ಸಾಮಾನ್ಯವಾಗಿ ಹಾಕಿಸಿಕೊಂಡ ವಾರದಲ್ಲೇ, ಚರ್ಮ ಇನ್ನೂ ಕೆಂಪಗಿರುವಾಗಲೇ ಬರೆದುಬಿಡುತ್ತಾರೆ. ಆಗ ಗೆರೆಗಳು ಹೊಳೆಯುತ್ತಿರುತ್ತವೆ, ಮನಸ್ಸೂ ತುಂಬಿರುತ್ತದೆ. ನಾನು ಬೇಕೆಂದೇ ಕಾದೆ. ಏಕೆಂದರೆ ನಾನು ಹೋದ ಸ್ಟುಡಿಯೋ ಬರೀ ಚಿತ್ರ ಬಿಡಿಸಿ ಕಳುಹಿಸುವ ಜಾಗವಲ್ಲ. ಕ್ರೈಸ್ತ ವಿಶ್ವಾಸದ ಹಚ್ಚೆಗಳಿಗೆಂದೇ ಮೀಸಲಾದ ಸೇವೆ ತಮ್ಮದೆಂದೂ, ತಮ್ಮಲ್ಲಿ ಹಾಕಿಸಿಕೊಂಡ ಹಚ್ಚೆ ನೀವು ಬಾಯಿ ತೆರೆಯದಿದ್ದರೂ ಕ್ರಿಸ್ತನ ಬಗ್ಗೆ ಸಾಕ್ಷಿ ಹೇಳುತ್ತದೆಂದೂ ಅವರು ಪ್ರಚಾರ ಮಾಡಿಕೊಳ್ಳುತ್ತಾರೆ. ಗೆರೆ ಚೆನ್ನಾಗಿದೆಯೇ ಎಂಬುದನ್ನು ಒಂದು ತಿಂಗಳಲ್ಲಿ ಹೇಳಬಹುದು, ಆದರೆ ಸಾಕ್ಷಿಯ ಮಾತು ನಿಜವೇ ಎಂದು ಹೇಳಲು ಒಂದು ವರ್ಷವಾದರೂ ಬೇಕು.

ನಾನು ವೃತ್ತಿಯಲ್ಲಿ ನರ್ಸ್. ಹಾಗಾಗಿ ಸೂಜಿ, ಕೈಗವಸು, ಶುದ್ಧೀಕರಣ ಇವುಗಳ ಬಗ್ಗೆ ನನ್ನ ಕಣ್ಣು ಸ್ವಲ್ಪ ಚುರುಕು. ಮೊಣಕೈಯಿಂದ ಕೆಳಗೆ ಕೈ ಬರಿದಾಗಿರಬೇಕೆಂಬುದು ನಮ್ಮ ವಾರ್ಡಿನ ನಿಯಮವಾದ್ದರಿಂದ, ಮಣಿಕಟ್ಟಿನ ಮೇಲಿರುವುದನ್ನು ನಾನು ದಿನವಿಡೀ ಮರೆಮಾಡಲಾರೆ ಎಂಬುದೂ ಮೊದಲೇ ಗೊತ್ತಿತ್ತು. ಮೇಲ್ವಿಚಾರಕಿಯವರ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿದೆ.

ಸ್ಟುಡಿಯೋಗೆ ಹೋಗುವ ಮುನ್ನ ನಮ್ಮ ಸಭೆಯ ಅಯ್ಯನವರ, ಅಂದರೆ ಪಾದ್ರಿಯವರ, ಬಳಿ ಹೋಗಿದ್ದೆ. ಮೈಮೇಲೆ ಹಚ್ಚೆ ಹಾಕಿಸಿಕೊಳ್ಳಬಾರದು ಎನ್ನುವ ಸತ್ಯವೇದದ (ಬೈಬಲ್ಲಿನ) ವಚನವಾದ ಯಾಜಕಕಾಂಡ 19:28ನ್ನು ಅವರು ತೆಗೆದು ತೋರಿಸಿ ಮಾತು ಮುಗಿಸುತ್ತಾರೆಂದು ನಾನು ಎಣಿಸಿದ್ದೆ, ಆದರೆ ಅವರು ಹಾಗೆ ಮಾಡಲಿಲ್ಲ. “ನೋಡಮ್ಮ, ಆ ವಚನ ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವ ಶೋಕಾಚರಣೆಯ ಜೊತೆಯಲ್ಲೇ ಬರುತ್ತದೆ. ಅದರ ಹಿಂದಿನ ವಚನ ಗಡ್ಡದ ಅಂಚನ್ನು ಕತ್ತರಿಸಬಾರದು ಎನ್ನುತ್ತದೆ, 19ನೆಯ ವಚನ ಎರಡು ಬಗೆಯ ನೂಲಿನ ಬಟ್ಟೆ ಬೇಡ ಎನ್ನುತ್ತದೆ. ನಾನು ದಿನವೂ ಗಡ್ಡ ಬೋಳಿಸಿಕೊಂಡು, ಹತ್ತಿಯೂ ಪಾಲಿಯೆಸ್ಟರೂ ಬೆರೆತ ಅಂಗಿ ತೊಟ್ಟು ನಿಮಗೆ 28ನೆಯ ವಚನವೊಂದನ್ನೇ ಓದಿ ಹೇಳಿದರೆ ಅದು ಪ್ರಾಮಾಣಿಕತೆ ಆಗುವುದಿಲ್ಲ” ಎಂದರು. ಅದೇ ಅಧ್ಯಾಯದ 18ನೆಯ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ. ಆ ಕಾರಣಕ್ಕೆ ಅಧ್ಯಾಯವನ್ನು ಪೂರ್ತಿ ಬದಿಗಿಡುವಂತೆಯೂ ಇಲ್ಲ. ಹಚ್ಚೆ ಎಂದು ಅನುವಾದಗೊಂಡಿರುವ ಹೀಬ್ರೂ ಪದ ಸತ್ಯವೇದದಲ್ಲಿ ಬೇರೆಲ್ಲೂ ಬರುವುದಿಲ್ಲವೆಂಬುದನ್ನೂ ಅವರೇ ತಿಳಿಸಿದರು. ಆದರೂ ಅವರು ಒಪ್ಪಲಿಲ್ಲ. ಅವರ ಆಕ್ಷೇಪ ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಿಂದ ಬಂತು: ನನಗೆ ಸ್ವಾತಂತ್ರ್ಯವಿರಬಹುದು, ಆದರೆ ನನ್ನ ಕೈ ನೋಡಿ ಎಡವುವ ಸಹೋದರನೊಬ್ಬನಿದ್ದರೆ ಆ ಸ್ವಾತಂತ್ರ್ಯಕ್ಕೆ ನಾನು ಏನು ಬೆಲೆ ಕಟ್ಟುತ್ತೇನೆ? ಈ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಕಡೆಗೆ ಅವರು ಹೇಳಿದ ಒಂದು ಮಾತನ್ನು ಮಾತ್ರ ನಾನು ಪಾಲಿಸಿದೆ. “40 ದಿನ ಬೆಳಿಗ್ಗೆ ಎದ್ದು ಪೆನ್ನಿನಿಂದ ಬರೆದುಕೊಳ್ಳಿ. ಅಳಿಸಿಹೋಗುವುದನ್ನು ಹೊತ್ತು ನೋಡಿ, ಆಮೇಲೆ ಅಳಿಸಲಾಗದ್ದರ ಯೋಚನೆ ಮಾಡಿ.”

ಇನ್ನು ಸ್ಟುಡಿಯೋ. ನಾನು ಮೊದಲು ಭೇಟಿ ಕೊಟ್ಟದ್ದು ಬೇರೊಂದು ಕಡೆ. ಅಲ್ಲಿ ಹೋದ ದಿನವೇ ಕುರ್ಚಿಯಲ್ಲಿ ಕೂರಿಸಲು ಅವಸರಪಟ್ಟರು, ನನ್ನ ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಎದ್ದು ಬಂದೆ. ಈಗ ವಿಮರ್ಶಿಸುತ್ತಿರುವ ಸ್ಟುಡಿಯೋದಲ್ಲಿ ಮೊದಲ ಭೇಟಿಯಲ್ಲಿ ಸೂಜಿ ಮುಟ್ಟುವುದೇ ಇಲ್ಲ ಎಂಬ ನಿಯಮವಿದೆ, ಅದು ನನಗೆ ಹಿಡಿಸಿತು. ಕಲಾವಿದೆ ಅರ್ಧ ಗಂಟೆ ಮಾತನಾಡಿಸಿದರು. ಗಾಯವಾದ ಜಾಗದಲ್ಲಿ ಚರ್ಮ ಗಂಟುಗಟ್ಟುವ ಸ್ವಭಾವವಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದೇನೆಯೇ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ, ಯಾವುದಾದರೂ ಬಣ್ಣಕ್ಕೆ ಅಲರ್ಜಿ ಇದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಹಚ್ಚೆ ಹಾಕಿಸಿಕೊಂಡ ಮೇಲೆ ಕೆಲವು ಕಾಲ ರಕ್ತದಾನ ಮಾಡುವಂತಿಲ್ಲ ಎಂಬುದನ್ನು ಅವರೇ ನೆನಪಿಸಿದರು. ಎಷ್ಟೋ ಕಡೆ ಇದನ್ನು ಹೇಳುವುದೇ ಇಲ್ಲ. ಶಿಲುಬೆಯನ್ನು ಕೆಂಪು ಬಣ್ಣದಲ್ಲಿ ಹಾಕಿಸಬೇಕೆಂಬ ಆಸೆ ನನಗಿತ್ತು. ಅಲರ್ಜಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆಂಪು ಬಣ್ಣಕ್ಕೇ ಎಂದು ವಿವರಿಸಿ, ಕಪ್ಪೇ ಸಾಕೆಂದು ಸಲಹೆ ಕೊಟ್ಟರು. ಅದು ಸರಿಯಾದ ಸಲಹೆಯೆಂದು ವೃತ್ತಿಯ ಅನುಭವದಿಂದ ಹೇಳಬಲ್ಲೆ.

ಅವರ ಮಾದರಿ ಪುಸ್ತಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ನಿಜವಾದ ಶಕ್ತಿ ಇರುವುದು ಅಲ್ಲಿ. ಮೀನು, ಲಂಗರು, ಆಲ್ಫಾ ಮತ್ತು ಒಮೆಗಾ, ಮಧ್ಯದ ದೊಡ್ಡ ಶಿಲುಬೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಶಿಲುಬೆಗಳಿರುವ ಜೆರುಸಲೇಮಿನ ಶಿಲುಬೆ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲ ಮಣಿಕಟ್ಟಿನ ಒಳಬದಿಯಲ್ಲಿ ಹಾಕಿಸಿಕೊಳ್ಳುವ ಸಮಭುಜದ ಚಿಕ್ಕ ಶಿಲುಬೆ, ಇವೆಲ್ಲ ಅದರಲ್ಲಿವೆ. ಪ್ರತಿ ಚಿತ್ರದ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂಬ ಟಿಪ್ಪಣಿಯೂ ಇದೆ. ಹಚ್ಚೆ ಎಂದರೆ ಇತ್ತೀಚಿನ ಯುವಕರ ಹುಚ್ಚು ಎಂದು ಭಾವಿಸಿದ್ದ ನನಗೆ ಆ ಪುಟಗಳು ಬೇರೆಯೇ ಲೋಕವನ್ನು ತೆರೆದವು. ಮಣಿಕಟ್ಟಿನ ಮೇಲೆ, ತೋಳಿನ ಮೇಲೆ ಶಿಲುಬೆಯ ಗುರುತನ್ನೋ ಕ್ರಿಸ್ತನ ಹೆಸರನ್ನೋ ಹಾಕಿಸಿಕೊಂಡ ಕ್ರೈಸ್ತರು ಅನೇಕರಿದ್ದಾರೆಂದು 6ನೆಯ ಶತಮಾನದಲ್ಲೇ ಗಾಜಾದ ಪ್ರೊಕೋಪಿಯಸ್ ಎಂಬ ಕ್ರೈಸ್ತ ಪಂಡಿತ ಬರೆದಿದ್ದ. 8ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ನಾರ್ಥಂಬ್ರಿಯದಲ್ಲಿ ಸೇರಿದ ಸಭಾಮಂಡಲಿಯು ಅನ್ಯಧರ್ಮೀಯರ ರೀತಿಯ ಹಚ್ಚೆಯನ್ನು ಖಂಡಿಸಿತಾದರೂ, ದೇವರಿಗೋಸ್ಕರ ಆ ನೋವನ್ನು ತಾಳಿಕೊಳ್ಳುವವನಿಗೆ ದೊಡ್ಡ ಪ್ರತಿಫಲ ಸಿಗುತ್ತದೆಂಬ ಮಾತನ್ನೂ ದಾಖಲಿಸಿತು. 1697ರಲ್ಲಿ ಜೆರುಸಲೇಮಿಗೆ ಹೋದ ಹೆನ್ರಿ ಮಾಂಡ್ರೆಲ್ ಎಂಬ ಇಂಗ್ಲಿಷ್ ಪಾದ್ರಿ, ಅಲ್ಲಿ ಯಾತ್ರಿಕರಿಗೆ ಹಚ್ಚೆ ಹಾಕುವುದನ್ನು ಹತ್ತಿರದಿಂದ ನೋಡಿ ಬರೆದಿದ್ದಾನೆ: ಮರದ ಅಚ್ಚುಗಳಿಗೆ ಇದ್ದಿಲ ಪುಡಿ ಹಚ್ಚಿ ತೋಳಿನ ಮೇಲೆ ಒತ್ತುತ್ತಾರೆ, ಜೊತೆಗೂಡಿಸಿ ಕಟ್ಟಿದ ಎರಡು ಸೂಜಿಗಳನ್ನು ಮಸಿಯಲ್ಲಿ ಅದ್ದಿ ಆ ಗೆರೆಯುದ್ದಕ್ಕೂ ಚುಚ್ಚುತ್ತಾರೆ. ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಬ್ರಿಟನ್ನಿನ ದೊರೆಯಾದ ರಾಜಕುಮಾರನೂ 1862ರಲ್ಲಿ ಜೆರುಸಲೇಮಿನಲ್ಲೇ ತೋಳಿನ ಮೇಲೆ ಶಿಲುಬೆ ಹಾಕಿಸಿಕೊಂಡ. ಜೆರುಸಲೇಮಿನ ಹಳೆಯ ಪಟ್ಟಣದಲ್ಲಿ ರಝೂಕ್ ಎಂಬ ಕಾಪ್ಟಿಕ್ ಮೂಲದ ಮನೆತನ ಮರದ ಹಳೆಯ ಅಚ್ಚುಗಳನ್ನು ಕಾಪಾಡಿಕೊಂಡು ಇಂದಿಗೂ ಯಾತ್ರಿಕರಿಗೆ ಹಚ್ಚೆ ಹಾಕುತ್ತಿದೆ. ಪೋಪ್ ಫ್ರಾನ್ಸಿಸ್ ಅವರು 2018ರಲ್ಲಿ ಯುವಜನರ ಸಭೆಯೊಂದರಲ್ಲಿ ಹಚ್ಚೆಗೆ ಹೆದರಬೇಡಿ ಎಂದು ಹೇಳುವಾಗ, ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುವ ಎರಿಟ್ರಿಯಾದ ಕ್ರೈಸ್ತರನ್ನು ನೆನೆದಿದ್ದರು.

ಆದರೆ ಇದೇ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಪುಟವೂ ಇದೆ. ಹಚ್ಚೆಗೆ ಸತ್ಯವೇದದ ಸಮರ್ಥನೆ ಎಂಬ ಹೆಸರಿನಲ್ಲಿ ಕೆಲವು ವಚನಗಳನ್ನು ಅಲ್ಲಿ ಒಟ್ಟುಗೂಡಿಸಿದ್ದಾರೆ. ಕ್ರಿಸ್ತನ ವಸ್ತ್ರದ ಮೇಲೂ ತೊಡೆಯ ಮೇಲೂ ಹೆಸರು ಬರೆದಿದೆ ಎನ್ನುವ ಪ್ರಕಟಣೆ ಗ್ರಂಥದ 19:16 ದರ್ಶನದ ಭಾಷೆ. ಅದನ್ನು ಹಚ್ಚೆಯ ಆಧಾರವಾಗಿ ಎಳೆದು ತರುವುದು ದುರ್ಬಲ ವಾದ. ಯೇಸುವಿನ ಗುರುತುಗಳನ್ನು ನನ್ನ ದೇಹದಲ್ಲಿ ಹೊತ್ತಿದ್ದೇನೆ ಎಂದು ಗಲಾತ್ಯದವರಿಗೆ ಪೌಲನು ಬರೆದಾಗ ಬಳಸಿದ ಗ್ರೀಕ್ ಪದ, ಆ ಕಾಲದಲ್ಲಿ ಗುಲಾಮರ ಮೈಮೇಲೆ ಹಾಕುತ್ತಿದ್ದ ಗುರುತಿಗೂ ಸಲ್ಲುತ್ತಿದ್ದ ಪದವೇ ಹೌದು. ಆದರೆ ಪೌಲನ ಮೈಮೇಲಿದ್ದವು ಕೋಲಿನ, ಕಲ್ಲಿನ, ಚಾವಟಿಯ ಏಟಿನ ಕಲೆಗಳು. ಅವನ್ನು ಯಾರೂ ಮಾದರಿ ಪುಸ್ತಕ ನೋಡಿ ಆರಿಸಿಕೊಳ್ಳುವುದಿಲ್ಲ. ಆ ಪುಟದಲ್ಲಿ ನನಗೆ ತೂಕವಿದೆ ಅನ್ನಿಸಿದ್ದು ಯೆಶಾಯ 44:5 ಒಂದೇ. ತಾನು ಯೆಹೋವನವನು ಎಂದು ಒಬ್ಬನು ಕೈಮೇಲೆ ಬರೆದುಕೊಳ್ಳುವನೆಂದು ಅಲ್ಲಿ ಪ್ರವಾದಿ ಹೇಳುವಾಗ ಆ ಬರಹದಲ್ಲಿ ನಾಚಿಕೆಯೂ ಇಲ್ಲ, ಮೆರವಣಿಗೆಯೂ ಇಲ್ಲ. ತಾನು ಯಾರಿಗೆ ಸೇರಿದವನು ಎಂಬುದಷ್ಟೇ ಇದೆ. ಉಳಿದ ವಚನಗಳನ್ನು ತೆಗೆದುಹಾಕಿ ಎಂದು ಕಲಾವಿದೆಗೆ ಹೇಳಿದೆ. ಕೇಳಿಸಿಕೊಂಡರು, ತೆಗೆಯುತ್ತೇವೆ ಎನ್ನಲಿಲ್ಲ.

‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ವಚನವನ್ನು ಪೂರ್ತಿಯಾಗಿ ಕನ್ನಡದಲ್ಲಿ ಬರೆಸುವುದು ನನ್ನ ಮೂಲ ಯೋಜನೆಯಾಗಿತ್ತು. ಕಲಾವಿದೆಗೆ ಕನ್ನಡ ಬಾರದು. ಆದರೂ ನಾನು ಬರೆದುಕೊಂಡು ಹೋಗಿದ್ದ ಕಾಗದವನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿ, ಈ ಲಿಪಿಯಲ್ಲಿ ಸುಳಿಗಳು ಹೆಚ್ಚು, ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ತೂಗುತ್ತದೆ, ಮಣಿಕಟ್ಟಿನ ಅಗಲಕ್ಕೆ ಇಡೀ ವಾಕ್ಯವನ್ನು ಹಿಡಿಸಲು ಹೋದರೆ ಹತ್ತು ವರ್ಷದಲ್ಲಿ ಸುಳಿಗಳೆಲ್ಲ ತುಂಬಿಹೋಗಿ ಕಪ್ಪು ಚುಕ್ಕೆಗಳ ಸಾಲಾಗುತ್ತದೆ ಎಂದರು. ಮಸಿ ನಿಲ್ಲುವುದು ಚರ್ಮದ ಎರಡನೆಯ ಪದರದಲ್ಲಿ. ಅಲ್ಲಿನ ಜೀವಕೋಶಗಳು ಅದನ್ನು ನುಂಗಿ ಹಿಡಿದುಕೊಂಡಿರುತ್ತವೆ. ಅವು ಸತ್ತಾಗ ಹೊಸ ಕೋಶಗಳು ಅದೇ ಮಸಿಯನ್ನು ಮತ್ತೆ ನುಂಗುತ್ತವೆ. ಈ ಕೈಬದಲಿನಲ್ಲಿ ಗೆರೆ ವರ್ಷಗಳು ಕಳೆದಂತೆ ದಪ್ಪಗಾಗುವುದು ಸಹಜ. ದೊಡ್ಡ ಕೆಲಸಕ್ಕೆ ಹೆಚ್ಚು ಹಣ ಕೇಳಬಹುದಿದ್ದ ಜಾಗದಲ್ಲಿ, ಒಂದೇ ಪದ ಸಾಕು, ಅದನ್ನು ದೊಡ್ಡದಾಗಿ ಬರೆಯೋಣ ಎಂದು ತಾವಾಗಿಯೇ ಹೇಳಿದ್ದಕ್ಕೆ ಅವರನ್ನು ಮೆಚ್ಚಲೇಬೇಕು.

ಎರಡನೆಯ ಭೇಟಿಯ ದಿನ ನಡೆದ ಒಂದು ಸಂಗತಿಯನ್ನು ಕನ್ನಡದಲ್ಲಿ ಹಚ್ಚೆ ಬರೆಸುವವರೆಲ್ಲರೂ ಗಮನಿಸಬೇಕು. ನನ್ನ ಕೈಬರಹವನ್ನು ಅಚ್ಚುಕಾಗದಕ್ಕೆ ಇಳಿಸುವಾಗ ಕಕಾರದ ವಟ್ರಸುಳಿ ಬಿಚ್ಚಿಹೋಗಿ ರಕಾರದ ಒತ್ತಿನಂತಾಗಿತ್ತು. ನೇರಳೆ ಗೆರೆಗಳು ಮಣಿಕಟ್ಟಿನ ಮೇಲೆ ಮೂಡಿದಾಗ ಓದಿದರೆ ‘ಕ್ರಪೆ’ ಎಂದಿತ್ತು. ಒಂದು ಸುಳಿಯ ವ್ಯತ್ಯಾಸ, ಆದರೆ ಜೀವನಪೂರ್ತಿ ತಪ್ಪು ಕಾಗುಣಿತವನ್ನು ಹೊತ್ತು ತಿರುಗಬೇಕಾಗುತ್ತಿತ್ತು. ಅವರು ಒಂದು ಮಾತೂ ಆಡದೆ ಸ್ಪಿರಿಟ್ಟಿನಿಂದ ಒರೆಸಿ, ಹೊಸದಾಗಿ ಬಿಡಿಸಿ, ಮತ್ತೆ ಒತ್ತಿದರು. ಅದೂ ನನಗೆ ಸಮಾಧಾನವಾಗದೆ ಮೂರನೆಯ ಸಲ ಒತ್ತಿಸಿದೆ. ಮೂರನೆಯ ಸಲವೂ ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಕಲಾವಿದರಿಗೆ ನಮ್ಮ ಅಕ್ಷರಗಳು ಬರೀ ಗೆರೆಗಳು. ಅವನ್ನು ಓದುವ ಹೊಣೆ ಪೂರ್ತಿ ನಮ್ಮದೇ. ಜೊತೆಗೆ ಕನ್ನಡ ಬಲ್ಲ ಇನ್ನೊಬ್ಬರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಶುಚಿತ್ವದಲ್ಲಿ ನಾನು ಹುಳುಕು ಹುಡುಕಿ ಸೋತೆ. ಒಮ್ಮೆ ಬಳಸಿ ಎಸೆಯುವ ಸೂಜಿಯ ಮೊಹರಾದ ಪೊಟ್ಟಣವನ್ನು ನನ್ನೆದುರೇ ಹರಿದರು, ಅವಧಿ ಮುಗಿಯುವ ದಿನಾಂಕವನ್ನು ನಾನೇ ಓದಿದೆ. ಮಸಿಯನ್ನು ದೊಡ್ಡ ಸೀಸೆಯಿಂದ ಪುಟ್ಟ ಬಟ್ಟಲಿಗೆ ಸುರಿದುಕೊಂಡರೇ ಹೊರತು ಸೀಸೆಗೆ ಸೂಜಿ ಅದ್ದಲಿಲ್ಲ. ನಡುವೆ ಫೋನ್ ಗುನುಗಿದಾಗ ಅದನ್ನು ಮುಟ್ಟಲಿಲ್ಲ. ಕೆಲಸ 40 ನಿಮಿಷ ಹಿಡಿಯಿತು. ಮಣಿಕಟ್ಟಿನ ಒಳಬದಿಯ ಚರ್ಮ ತೆಳು. ಶಿಲುಬೆಯ ಉದ್ದದ ಗೆರೆಯನ್ನು ಎಳೆಯುವಾಗ ನೋವು ಕಿರುಬೆರಳಿನವರೆಗೂ ಓಡುತ್ತಿತ್ತು, ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ.

ಈ ಸೇವೆಯ ದೊಡ್ಡ ಕೊರತೆ ಕಂಡದ್ದು ಆಮೇಲೆ. ಆರೈಕೆಯ ಬಗ್ಗೆ ಅವರು ಕೊಡುವ ಚೀಟಿಯಲ್ಲಿ ಮೂರು ದಿನದ ನಂತರ ಎಂದಿನ ಕೆಲಸಕ್ಕೆ ಮರಳಬಹುದು ಎಂದಿದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿಯಿರಬಹುದು. ಹೊಸ ಹಚ್ಚೆ ಎಂದರೆ ತೆರೆದ ಗಾಯ. ಮೇಲ್ಪದರ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ದಿನಕ್ಕೆ ಹತ್ತಾರು ಸಲ ಸ್ಯಾನಿಟೈಸರ್ ಹಚ್ಚುವ ನರ್ಸಿಗೆ, ಪಾತ್ರೆ ತೊಳೆಯುವವರಿಗೆ, ಮಣ್ಣು, ಸಿಮೆಂಟು, ರಾಸಾಯನಿಕ ಮುಟ್ಟುವವರಿಗೆ ಮೂರು ದಿನ ಎಂದು ಹೇಳುವುದು ತಪ್ಪು ಮಾತ್ರವಲ್ಲ, ಅಪಾಯವೂ ಹೌದು. ನನಗೆ ಇದು ಮೊದಲೇ ಗೊತ್ತಿದ್ದುದರಿಂದ ಮೂರು ವಾರದ ರಜೆ ಹೊಂದಿಸಿಕೊಂಡಿದ್ದೆ. ಗೊತ್ತಿಲ್ಲದವರು ಆ ಚೀಟಿಯನ್ನೇ ನಂಬುತ್ತಾರೆ. ಅಷ್ಟೆಲ್ಲ ಆರೋಗ್ಯದ ಪ್ರಶ್ನೆ ಕೇಳಿದವರು, ನೀವು ಯಾವ ಕೆಲಸ ಮಾಡುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟದ್ದು ಇಂದಿಗೂ ನನಗೆ ಸೋಜಿಗ.

ಇನ್ನು ಸಾಕ್ಷಿಯ ಮಾತಿಗೆ ಬರುತ್ತೇನೆ. ಹಚ್ಚೆ ಪ್ರಶ್ನೆಗಳನ್ನು ತರುತ್ತದೆ ಎಂಬುದು ನಿಜ. ಆದರೆ ಬಹುತೇಕ ಪ್ರಶ್ನೆಗಳು ನೋವಾಯಿತೇ, ಎಷ್ಟಾಯಿತು, ಎಲ್ಲಿ ಹಾಕಿಸಿದಿರಿ ಎಂಬುವೇ. ಅವುಗಳಿಗೆ ಉತ್ತರ ಹೇಳುವಾಗ ನಾನು ಪ್ರಚಾರ ಮಾಡುತ್ತಿದ್ದುದು ಕ್ರಿಸ್ತನಿಗಲ್ಲ, ಆ ಸ್ಟುಡಿಯೋಗೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹಾಸಿಗೆಯಲ್ಲಿ ಮಲಗಿರುವ ರೋಗಿ ನನ್ನ ಮಣಿಕಟ್ಟಿನಿಂದ ಎದ್ದು ಹೋಗಲಾರರು. ನಿರೀಕ್ಷೆಯ ಕಾರಣವನ್ನು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುವ 1 ಪೇತ್ರ 3:15, ಅದನ್ನು ಸಾತ್ವಿಕತೆಯಿಂದ ಮಾಡಬೇಕೆಂದೂ ಹೇಳುತ್ತದೆ; ಕೇಳುವವರಿಗೆ ಎಂಬ ಪದಕ್ಕೆ ಎಷ್ಟು ಭಾರವಿದೆಯೆಂದು ಈ ಹಚ್ಚೆ ಹಾಕಿಸಿಕೊಂಡ ಮೇಲೆಯೇ ನನಗೆ ಅರಿವಾಯಿತು. ಹಾಗಾಗಿ ಯಾರಾದರೂ ಕೇಳಿದರೆ ಪದದ ಅರ್ಥವನ್ನಷ್ಟೇ ಹೇಳುತ್ತೇನೆ. ಒಂದು ರಾತ್ರಿಪಾಳಿಯಲ್ಲಿ, ನಾಡಿ ನೋಡಲು ಕೈಹಿಡಿದಾಗ, ಶಸ್ತ್ರಚಿಕಿತ್ಸೆಗೆ ಕಾದಿದ್ದ ವಯಸ್ಸಾದ ತಾಯಿಯೊಬ್ಬರು ದೀಪದ ಬೆಳಕಿನಲ್ಲಿ ಅಕ್ಷರ ಕೂಡಿಸಿ ‘ಕೃಪೆ’ ಎಂದು ಓದಿ, “ಯಾರದ್ದಮ್ಮ?” ಎಂದು ಕೇಳಿದ್ದರು. ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ, ಕೈಯನ್ನು ಮಾತ್ರ ಸ್ವಲ್ಪ ಹೊತ್ತು ಬಿಡಲಿಲ್ಲ. 14 ತಿಂಗಳಲ್ಲಿ ಅಂಥ ಪ್ರಶ್ನೆ ಬಂದದ್ದು ಅದೊಂದೇ ಸಲ.

ಇನ್ನೊಂದು ಘಟನೆಯನ್ನೂ ಬರೆಯದಿದ್ದರೆ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ಪಾಳಿ ಮುಗಿಯುವ ಹೊತ್ತಿನಲ್ಲಿ, ಭೇಟಿಯ ಸಮಯ ಮೀರಿದರೂ ಹೊರಡದ ರೋಗಿಯ ಮಗನೊಬ್ಬನ ಮೇಲೆ ನಾನು ಎಲ್ಲರೆದುರು ರೇಗಿದೆ. ಆತ ಬಾಗಿಲ ಬಳಿ ನಿಂತು, “ಸಿಸ್ಟರ್, ಕೈ ಮೇಲೆ ಅದನ್ನು ಬರೆಸಿಕೊಂಡು ಹೀಗೆ ಮಾತಾಡ್ತೀರಾ?” ಎಂದ. ಅಂದು ಹಚ್ಚೆ ಸಾಕ್ಷಿ ಹೇಳಿದ್ದು ನಿಜ, ಆದರೆ ನನ್ನ ವಿರುದ್ಧ. ಹೊರಗೆ ಹೋಗಿ ಆತನ ಕ್ಷಮೆ ಕೇಳಿದೆ. ಸ್ಟುಡಿಯೋದವರು ಹೇಳುವ ಬಾಯಿ ತೆರೆಯದ ಸಾಕ್ಷಿಯಲ್ಲಿ ಈ ಮಗ್ಗುಲು ಇಲ್ಲ. ಕಾಪ್ಟಿಕ್ ಕ್ರೈಸ್ತರ ಶಿಲುಬೆಯನ್ನು ಮಾದರಿ ಪುಸ್ತಕದಲ್ಲಿ ತೋರಿಸುವವರು, ಅವರು ಅದನ್ನು ಹಾಕಿಸಿಕೊಳ್ಳುವುದು ತಾವು ಯಾರೆಂಬುದನ್ನು ಎಂಥ ಹೊತ್ತಿನಲ್ಲೂ ಅಲ್ಲಗಳೆಯಲಾಗದಂತೆ ಎಂಬುದನ್ನೂ ದಪ್ಪ ಅಕ್ಷರದಲ್ಲಿ ಬರೆಯಬೇಕು. ಆ ಶಿಲುಬೆ ಮಣಿಕಟ್ಟಿನ ಒಳಬದಿಯಲ್ಲಿ, ಅಂದರೆ ಹೊತ್ತವರ ಕಣ್ಣಿಗೆ ಎದುರಾಗಿ ಇರುತ್ತದೆ. ನನ್ನದೂ ಹಾಗೆಯೇ ಇದೆ, ಮತ್ತು ಅದನ್ನು ಅತಿ ಹೆಚ್ಚು ಸಲ ಓದುವವಳು ನಾನೇ. ಮಸಿಯಿಂದಲ್ಲ, ಜೀವವುಳ್ಳ ದೇವರ ಆತ್ಮನಿಂದ ಬರೆದ ಪತ್ರ ನೀವು ಎಂದು ಕೊರಿಂಥದವರಿಗೆ ಪೌಲನು ಬರೆದ ಮಾತನ್ನು ನಮ್ಮ ಅಯ್ಯನವರು ನನ್ನನ್ನು ಕಂಡಾಗಲೆಲ್ಲ ನೆನಪಿಸುತ್ತಾರೆ. ಅವರು ಇನ್ನೂ ಒಪ್ಪಿಲ್ಲ. ಸಭೆಯಲ್ಲಿ ಇಬ್ಬರು ಹಿರಿಯರಿಗೆ ನನ್ನ ಹಚ್ಚೆಯಿಂದ ನೋವಾಗಿದೆ ಎಂಬುದೂ ನನಗೆ ಗೊತ್ತು. ಅವರ ಮನೆಗೆ ಹೋದಾಗ ಉದ್ದ ತೋಳಿನ ರವಿಕೆ ತೊಡುತ್ತೇನೆ. ನಾಚಿಕೆಯಿಂದಲ್ಲ, ರೋಮಾಪುರದ ಪತ್ರದ ಆ ಅಧ್ಯಾಯಕ್ಕೆ ನನ್ನಿಂದಾಗುವ ಉತ್ತರ ಅಷ್ಟೇ ಎಂಬ ಕಾರಣಕ್ಕೆ.

ಕೆಲಸದ ದೃಷ್ಟಿಯಿಂದ ಹೇಳುವುದಾದರೆ, ಇಂದಿಗೆ ಶಿಲುಬೆಯ ಅಂಚುಗಳು ಚೂಪಾಗಿಯೇ ಇವೆ, ಪಕಾರದ ಎತ್ವ ಸ್ವಚ್ಛವಾಗಿದೆ. ವಟ್ರಸುಳಿಯ ಒಳಗಿನ ಬಿಳಿ ಮಾತ್ರ ಸ್ವಲ್ಪ ಕಿರಿದಾಗಿದೆ. ಒಂದೂವರೆ ವರ್ಷದೊಳಗೆ ಬಂದರೆ ತಿದ್ದಿಕೊಡುತ್ತೇವೆ ಎಂದಿದ್ದಾರೆ, ಆದರೆ ಅಗಲವಾದ ಗೆರೆಯನ್ನು ಕಿರಿದು ಮಾಡುವ ಸೂಜಿ ಇಲ್ಲವೆಂಬುದನ್ನು ಕಲಾವಿದೆಯೇ ಒಪ್ಪಿಕೊಂಡದ್ದರಿಂದ ಹೋಗುವುದಿಲ್ಲ. ಕೈಚಳಕ, ಶುಚಿತ್ವ, ತಾಳ್ಮೆ ಬೇಕೆಂದವರು ಇಲ್ಲಿಗೆ ಧೈರ್ಯವಾಗಿ ಹೋಗಬಹುದು. ಆರೈಕೆಯ ಚೀಟಿಯನ್ನು ನಂಬದೆ ನಿಮ್ಮ ವೈದ್ಯರನ್ನು ಕೇಳಿ.

ಅಕ್ಕನ ಮಗಳಿಗೆ ಈಗ 19 ವರ್ಷ. “ಚಿಕ್ಕಮ್ಮ, ನಾನೂ ಹಾಕಿಸಿಕೊಳ್ಳಲಾ?” ಎಂದು ಕಳೆದ ತಿಂಗಳು ಕೇಳಿದಳು. ಸ್ಟುಡಿಯೋದ ವಿಳಾಸ ಕೊಡಲಿಲ್ಲ, ಒಂದು ಕಪ್ಪು ಪೆನ್ನು ಕೊಟ್ಟೆ. ಇಂದು ಬೆಳಿಗ್ಗೆ ಅವಳು ಬರೆದುಕೊಂಡದ್ದು 23ನೆಯ ಸಲ. ನಡುವೆ ಎರಡು ದಿನ ಮರೆತೆನೆಂದು ಅವಳೇ ಹೇಳಿ, ಎಣಿಕೆಯನ್ನು ಮೊದಲಿನಿಂದ ಶುರುಮಾಡಬೇಕೇ ಎಂದು ಕೇಳಿದ್ದಾಳೆ.